ಮಾತಿಗಿಂತ ಮೊದಲು ಓದಿದ ನಿಲೋಫರ್

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುಲ್ಜಾರ್‌ಬೀ ರವಿಕೆ ಹೊಲಿಯುತ್ತಾಳೆ. ಗಂಡ ದಾವೂದ್ ಲಾರಿ ಓಡಿಸುವವನು, ಮನೆಯಲ್ಲಿರುವುದು ಅಪರೂಪ. ಒಬ್ಬಳೇ ಮಗಳು ನಿಲೋಫರ್‌ಗೆ ಮೂರು ತುಂಬಿದರೂ ಒಮ್ಮೆಯೂ ‘ಅಮ್ಮಿ’ ಎಂದಿರಲಿಲ್ಲ. ಕೂಗಿದರೆ ತಿರುಗುತ್ತಿರಲಿಲ್ಲ. ತಾಯಿ ಅಳತೆಗೆಂದು ಕತ್ತರಿಸಿದ ಹಳೆಯ ಪೇಪರ್ ತುಂಡುಗಳನ್ನು ಹರಡಿಕೊಂಡು ಏನೋ ಗೊಣಗುತ್ತಿದ್ದಳು. ಗುಲ್ಜಾರ್‌ಬೀಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆ ಗೊಣಗಾಟಕ್ಕೆ ಅರ್ಥವಿಲ್ಲವೆಂದೇ ಅವಳು ತಿಳಿದಿದ್ದಳು.

ಒಂದು ದಿನ ಅಂಗನವಾಡಿ ಟೀಚರ್ ಹೊನ್ನೂರಮ್ಮ ರವಿಕೆಗೆ ಅಳತೆ ಕೊಡಲು ಬಂದವರು ಮಗುವಿನ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ಗುಲ್ಜಾರ್‌ಬೀ, ಇದು ಓದ್ತಾ ಐತೆ ಕಣೇ. ನೀನು ಪೇಪರ್ ಕತ್ತರಿಸಿದ ಕಡೆ ಪದ ಅರ್ಧಕ್ಕೇ ನಿಂತೈತೆ. ಆ ಅರ್ಧಾನೇ ಓದ್ತೈತೆ. ಯಾರು ಕಲಿಸಿದ್ರು?”

“ಯಾರೂ ಇಲ್ಲಕ್ಕಾ. ಟಿವಿ ಕೆಳಗೆ ಓಡೋ ಅಕ್ಷರ ನೋಡ್ಕೊಂತ ಕೂತಿರ್ತಾಳೆ, ಅಷ್ಟೇ.”

ಹೊನ್ನೂರಮ್ಮನೇ ಜೊತೆಯಾಗಿ ಅವರನ್ನು ದಾವಣಗೆರೆಗೆ ಕರೆದೊಯ್ದರು. ಅಲ್ಲಿ ಡಾಕ್ಟರ್ ಶೈಲಾ ಎರಡು ಗಂಟೆ ಮಗುವನ್ನು ನೋಡಿ, ಇದು ಆಟಿಸಂ ಎಂದರು. ಗುಲ್ಜಾರ್‌ಬೀಯ ಕಣ್ಣು ತುಂಬಿತು.

“ಅಳಬೇಡಿ. ಅಕ್ಷರದ ಆಕಾರ ಗುರುತಿಸೋ ಭಾಗ, ಅದರ ಸದ್ದು ಹಿಡಿಯೋ ಭಾಗ, ಇವೆರಡೂ ಮೆದುಳಲ್ಲಿ ಇಂಥ ಕೆಲವು ಮಕ್ಕಳಿಗೆ ಬಹಳ ಬೇಗ ಕೂಡಿಕೊಳ್ತವೆ ಅಂತ ಕಾಣುತ್ತೆ. ಓದಿದ್ದೆಲ್ಲ ಇವಳಿಗೆ ಅರ್ಥ ಆಗಿರಲ್ಲ, ಮಾತೂ ನಿಧಾನ. ಆದ್ರೆ ಓದು ಇದೆಯಲ್ಲ, ಅದರಿಂದಲೇ ಮಾತಿಗೆ ಕರ್ಕೊಂಡು ಹೋಗೋಣ. ಹೇಳೋದನ್ನ ಬರೆದು ತೋರಿಸಿ.”

ಬರೆಯುವುದು ಯಾರು? ಮೂವತ್ನಾಲ್ಕರ ಗುಲ್ಜಾರ್‌ಬೀ ದಿನಾ ಮಧ್ಯಾಹ್ನ ಹೊನ್ನೂರಮ್ಮನ ಮುಂದೆ ಸ್ಲೇಟು ಹಿಡಿದು ಕೂತಳು. ನೀರು, ಊಟ, ನೋವು ಎಂದು ರಟ್ಟಿನ ಮೇಲೆ ಬರೆದು, ಪ್ರತಿ ಸಲವೂ ವಸ್ತು ತೋರಿಸಿದಳು, ಅಭಿನಯಿಸಿದಳು. ಒಂದು ಅಕ್ಷರ ತಪ್ಪಿದರೂ ನಿಲೋಫರ್ ಆ ರಟ್ಟನ್ನು ಮುಟ್ಟುತ್ತಲೇ ಇರಲಿಲ್ಲ.

ಏಳು ತಿಂಗಳು ಕಳೆದವು. ಒಂದು ಶುಕ್ರವಾರ ಮಗಳು ಅಳುತ್ತಾ ಬಂದಳು. ಹಿಂದೆಲ್ಲ ಅತ್ತರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ಯಾಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅಂದು ‘ನೋವು’ ರಟ್ಟನ್ನು ತಾಯಿಯ ಮಡಿಲಿಗೆ ಹಾಕಿ, “ಕಿವಿ” ಎಂದಳು. ಕಿವಿ ಸೋರುತ್ತಿತ್ತು. ಔಷಧಿ ಬಿದ್ದ ಮೂರು ದಿನಕ್ಕೆ ಹುಡುಗಿ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ನಿಲೋಫರ್‌ಗೆ ಈಗ ಐದು ವರ್ಷ. ಮುಖ ಕೊಟ್ಟು ಮಾತಾಡುವುದು ಇಂದಿಗೂ ಕಡಿಮೆ. ಬೇಕಾದ್ದನ್ನು ಮಾತ್ರ ಹೇಳುತ್ತಾಳೆ. ಮೊನ್ನೆ ನಿಲ್ದಾಣದಲ್ಲಿ ಮುದುಕಿಯೊಬ್ಬರು “ಹೊನ್ನಾಳಿ ಬಸ್ ಯಾವ್ದಮ್ಮಾ?” ಎಂದಾಗ ಗುಲ್ಜಾರ್‌ಬೀ ಬೋರ್ಡು ಓದಿ ಹತ್ತಿಸಿದಳು. ಮಗಳಿಂದಾಗಿ ತನಗೂ ಓದು ಬಂತಲ್ಲ ಎಂದು ಅವಳು ದಿನವೂ ದುವಾ ಮಾಡುವಾಗ ನೆನೆಯುತ್ತಾಳೆ. ಹೊನ್ನೂರಮ್ಮನ ಹೆಸರನ್ನೂ ಬಿಡುವುದಿಲ್ಲ.