ಬಾಲ್ಕನಿಯ ಕಂಬಿ

ಮೂವತ್ತು ವರ್ಷ ಕಾಂಕ್ರೀಟ್ ಕಟ್ಟಡಗಳ ವಿನ್ಯಾಸ ಮಾಡಿದೆ. ಚೆನ್ನೈನಲ್ಲಿ ನಾನು ಕಾಲಿಡದ ಏರಿಯಾ ಕಡಿಮೆ, ಬಯ್ಯದ ಮೇಸ್ತ್ರಿ ಇನ್ನೂ ಕಡಿಮೆ. ಕಾಂಕ್ರೀಟಿನೊಳಗೆ ಹಾಕುವ ಕಬ್ಬಿಣದ ಕಂಬಿ ಒಂದಿಂಚು ಆಚೀಚೆ ಆದರೂ ಸುತ್ತಿಗೆ ಕಿತ್ತುಕೊಂಡು ನಾನೇ ಒಡೆಯಲು ನಿಲ್ಲುತ್ತಿದ್ದೆ. ನನ್ನ ಕೋಪಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದೆ.

ಪೋರೂರಿನಲ್ಲಿ ಕಟ್ಟುತ್ತಿದ್ದ ಒಂದು ಮನೆ. ಮೊದಲ ಮಹಡಿಯ ಬಾಲ್ಕನಿಗೆ ಕೊಟ್ಟಿದ್ದ ಆಸರೆಗಳನ್ನು ಬಿಚ್ಚಿದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ಕೊನೆಯ ಆಸರೆ ತೆಗೆದದ್ದೇ ತಡ, ಬಾಲ್ಕನಿ ಇಡಿಯಾಗಿ ಗೋಡೆಯ ಪಕ್ಕದಲ್ಲೇ ಮುರಿದು ಕೆಳಗೆ ಬಿತ್ತು. ಕಂಬಿ ಕಟ್ಟುವವನ ಹೆಂಡತಿ ಮರಳಿನ ಬಾಂಡಲಿ ಹೊತ್ತು ಬರುತ್ತಿದ್ದಳು. ಅವಳ ಬಲಗಾಲು ಅದರಡಿ ಸಿಕ್ಕಿತು. ಹಾರೆ ಹಾಕಿ ಎತ್ತುವವರೆಗೂ ಅವಳು ಕಿರುಚುತ್ತಲೇ ಇದ್ದಳು.

ಮುರಿದ ಅಂಚಿನಲ್ಲಿ ಕಂಬಿಗಳು ಕಂಡವು, ಎಲ್ಲವೂ ತಳಭಾಗದಲ್ಲಿ. ಕೋಣೆಯ ಚಾವಣಿಗೆ ಕಂಬಿ ಕೆಳಗಿರಬೇಕು, ಗೋಡೆಯಿಂದ ಹೊರಚಾಚುವ ಬಾಲ್ಕನಿಗೆ ಮೇಲಿರಬೇಕು. ನಮ್ಮ ಕಸುಬಿನ ಅಆಇಈ ಅದು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸಿದೆ. ತುಟಿ ಒಡೆದು ರಕ್ತ ಬಂತು.

ಅವನು ಹೊಸೂರು ಕಡೆಯವನು, ಮನೆಮಾತು ಕನ್ನಡ.

"ಡ್ರಾಯಿಂಗ್‌ನಾಗೆ ಅಂಗೇ ತಾನೇ ಸಾರ್ ಇರೋದು? ಓಗಿ ನೋಡಿ ಸಾರ್," ಎಂದ.

ಶೆಡ್ಡಿನ ಗೋಡೆಗೆ ಅಂಟಿಸಿದ್ದ ನಕ್ಷೆ ನೋಡಿದೆ. ಕೋಣೆಯ ಚಾವಣಿಯ ವಿವರವನ್ನೇ ಬಾಲ್ಕನಿಗೂ ಕಾಪಿ ಮಾಡಿಬಿಟ್ಟಿದ್ದೆ. ಅವಸರದಲ್ಲಿ, ನಾನೇ. ಕೆಳಗೆ ನನ್ನ ಸಹಿ.

ಆಸ್ಪತ್ರೆಯಲ್ಲಿ ಅವಳ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ವಾರ್ಡಿನ ಹೊರಗೆ ಕಾಂಟ್ರಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ನಕ್ಷೆ ಹರಿದುಬಿಡೋಣ, ಪೊಲೀಸರು ಬಂದರೆ ಕಂಬಿ ಕಟ್ಟಿದವನದೇ ತಪ್ಪು ಎನ್ನೋಣ ಎಂದು ತಮಿಳಿನಲ್ಲಿ ಪಿಸುಗುಟ್ಟಿದ. ಒಂದು ಕ್ಷಣ ನನಗೂ ಆಸೆಯಾಯಿತು. ಸುಳ್ಳು ಹೇಳಲಾರೆ, ಆಯಿತು. ಎದುರಿಗೆ ಒಡೆದ ತುಟಿಯ ಅವನು ನಿಂತಿದ್ದ.

ಎಲ್ಲರಿಗೂ ಕೇಳುವಂತೆ ಹೇಳಿದೆ. "ನಕ್ಷೆ ನನ್ನದು. ತಪ್ಪು ನನ್ನದು. ಪೊಲೀಸರಿಗೂ ಇದನ್ನೇ ಹೇಳ್ತೀನಿ." ಆಮೇಲೆ ಅವನಿಗೆ, "ನೀನೂ ಹೊಡಿಯಪ್ಪ," ಎಂದೆ. ಬೇಡ ಸಾರ್ ಎನ್ನುತ್ತಾನೆ ಎಂದುಕೊಂಡಿದ್ದೆ.

ಹೊಡೆದ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ಎರಡನೇ ಏಟಿಗೆ ಕಾದು ನಿಂತೆ. ಅವನು ವಾರ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.