ಎರಡನೆಯ ಸಾಕ್ಷಿ

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಬದುಕಿಡೀ ಬೇರೆಯವರ ಅಂಗಿಗೆ ಗುಂಡಿ ಹಾಕುವ ಕಾಜಾ ಹೊಲಿದವಳು. ಬೀದಿಗೆಲ್ಲ ಅವಳು ಕಾಜಾ ಅಕ್ಕ. ದರ್ಜಿ ಅಂಗಡಿಯಿಂದ ಗಂಟುಗಟ್ಟಲೆ ಅಂಗಿ ಬರುತ್ತಿದ್ದವು. "ಊರಿನ ಗಂಡಸರೆಲ್ಲ ಎದೆ ಮುಚ್ಕೊಂಡು ಓಡಾಡ್ತಿರೋದು ನನ್ನಿಂದಾನೇ," ಎಂದು ನಗುತ್ತಿದ್ದಳು. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳು, ಗೋಡೆಯ ಪಕ್ಕ ಹಾಸಿಗೆ ಹಿಡಿದ ಅಜ್ಜಿ. ಹನ್ನೊಂದು ವರ್ಷ ಅಜ್ಜಿಯ ಮೈ ಒರೆಸಿ, ಮಗ್ಗುಲು ತಿರುಗಿಸಿ, ಮೇಲೆ ಬೈಗುಳವನ್ನೂ ತಿಂದವಳು ಅವಳೊಬ್ಬಳೇ. ನಾವು ರಜೆಗೆ ಹೋಗಿ, ಬಾಗಿಲಲ್ಲೇ ನಿಂತು "ಹೇಗಿದೀಯ ಅಜ್ಜಿ?" ಎಂದು ಕೇಳಿ ಬರುತ್ತಿದ್ದೆವು.

ಅಜ್ಜಿಯ ನಾಲಿಗೆ ಉದ್ದವಾದರೂ ಅವಳಿಗೆ ನ್ಯಾಯ ಗೊತ್ತಿತ್ತು. "ಮನೆ ಇವಳಿಗೆ. ಮಿಕ್ಕಿದ್ದೆಲ್ಲ ನಿಂಗೆ. ಬರಿ," ಎಂದು ಅಪ್ಪನಿಗೆ ಹೇಳಿದಳು. ಮಿಕ್ಕಿದ್ದು ಎಂದರೆ ಒಂದು ಕಬ್ಬಿಣದ ಮಂಚ, ಕನ್ನಡಿ ಒಡೆದ ಬೀರು. ಅಪ್ಪ ವಕೀಲರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತ. ಉಯಿಲನ್ನು ಮುತ್ತು ಪೋಣಿಸಿದಂತೆ ಬರೆದ.

ಸಾಕ್ಷಿಗೆ ಇಬ್ಬರು ಬೇಕು. ಇಂಜೆಕ್ಷನ್ ಕೊಡಲು ಬಂದಿದ್ದ ಕಾಂಪೌಂಡರ್ ಒಂದು ಸಹಿ ಹಾಕಿದ. ಎರಡನೆಯದಕ್ಕೆ ಅಜ್ಜಿ ಪಕ್ಕದ ಮನೆಯ ಮೇಷ್ಟ್ರಿಗೆ ಹೇಳಿಕಳಿಸಿದ್ದಳು. ಅವರು ಕನ್ನಡಕ ಒರೆಸಿಕೊಳ್ಳುತ್ತಾ ಬಂದೂ ಬಂದರು. "ಅಯ್ಯೋ, ಕೆಲ್ಸ ಮುಗೀತು ಮೇಷ್ಟ್ರೇ, ಸುಮ್ನೆ ತೊಂದ್ರೆ ಕೊಟ್ವಿ," ಎಂದು ಅಪ್ಪ ಅವರನ್ನು ಹೊಸ್ತಿಲಿಂದಲೇ ಸಾಗಹಾಕಿದ. ಒಳಗೆ ಹೋಗಿ, "ಮೇಷ್ಟ್ರು ಮನೇಲಿಲ್ವಂತೆ. ಅಕ್ಕ, ನೀನೇ ಹಾಕ್ಬಿಡು. ಯಾರಾದ್ರೇನು?" ಎಂದ. ಅತ್ತೆ ಬಾಯಲ್ಲಿದ್ದ ದಾರ ತೆಗೆದು, ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಹೊಸ್ತಿಲ ಬಳಿ ನಾನಿದ್ದೆ. ಆಗ ನನಗೆ ಹತ್ತೊಂಬತ್ತು, ಏನೂ ತಿಳಿಯದ ಕೂಸೇನಲ್ಲ.

ಅಜ್ಜಿ ಸತ್ತ ಒಂದು ತಿಂಗಳಿಗೆ ವಕೀಲರು ಉಯಿಲು ಓದಿದರು. ಕೊನೆಯ ಪುಟಕ್ಕೆ ಬಂದು ತಲೆ ಅಲ್ಲಾಡಿಸಿದರು.

"ಸಾಕ್ಷಿ ಹಾಕಿದವ್ರಿಗೆ ಅದೇ ಉಯಿಲಿಂದ ಏನೂ ಸಿಗಲ್ಲಮ್ಮ. ಇಲ್ಲಿನ ಕಾನೂನೇ ಹಾಗೆ. ಮನೇನೂ ಮಿಕ್ಕಿದ್ದರ ಜೊತೆ ಸೇರುತ್ತೆ."

ಮಿಕ್ಕಿದ್ದೆಲ್ಲ ಅಪ್ಪನದು. "ಅಯ್ಯೋ, ಹೌದಾ?" ಎಂದು ಅಪ್ಪ ಹಣೆ ಚಚ್ಚಿಕೊಂಡ. ಇಪ್ಪತ್ತೆರಡು ವರ್ಷ ಊರವರ ಉಯಿಲುಗಳನ್ನೇ ಬರೆದ ಮನುಷ್ಯ! ಆ ನಾಟಕ ನೋಡಿ ನನ್ನ ಮೈಯೆಲ್ಲ ಉರಿಯಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಕಿಟಕಿಯಿದ್ದ ಆ ಮುಂದಿನ ಕೋಣೆ ನನಗೇ ಎಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದ.

ಅತ್ತೆ ರಂಪ ಮಾಡಲಿಲ್ಲ. ದರ್ಜಿ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದಳು. ಅವಳು ಹೊರಡುವ ದಿನ ಅಪ್ಪ, ಗುಮಾಸ್ತನಲ್ಲವೇ, ಅದಕ್ಕೂ ಒಂದು ಕಾಗದ ಬರೆದು ತಂದಿದ್ದ. "ಒಂದು ಟ್ರಂಕು, ಸೂಜಿದಾರದ ಡಬ್ಬಿ ಬಿಟ್ಟು ಬೇರೇನೂ ಒಯ್ದಿಲ್ಲ, ಇನ್ನು ಈ ಮನೆಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ" ಎಂದು ಅತ್ತೆಯ ಹೆಸರಲ್ಲಿ ಅದರಲ್ಲಿತ್ತು. ಈ ಸಲ ಅತ್ತೆ ಸಾಲು ಸಾಲಿಗೂ ಬೆರಳಿಟ್ಟು ಎರಡೆರಡು ಸಲ ಓದಿದಳು. ಆಮೇಲೆ ಸಹಿ ಹಾಕಿದಳು.

"ಸಾಕ್ಷಿಗೆ ಯಾರಾದ್ರೂ ಬೇಕಲ್ಲ," ಎಂದು ಅಪ್ಪ ಬೀದಿಯತ್ತ ಕತ್ತು ಚಾಚಿದ.

"ಹೊರಗಿನೋರು ಯಾಕೆ?" ಅತ್ತೆ ಪೆನ್ನನ್ನು ನನ್ನ ಕಡೆ ಹಿಡಿದಳು. "ಇವಳೇ ಹಾಕ್ಲಿ. ಅವತ್ತು ಮೇಷ್ಟ್ರು ಬಂದಾಗ ಬಾಗ್ಲಲ್ಲೇ ಇದ್ಲಂತಲ್ಲ."

ನಾನು ಪೆನ್ನು ತೆಗೆದುಕೊಂಡೆ. ಅಪ್ಪ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.