ಪರಿಮಳವಿಲ್ಲದ ಹಿಂಗಾರ

ಬಂಗಲೆಯ ಕಾವಲುಗಾರರ ಮೂಗು ಉದ್ದವಾಗಿ, ತುದಿಯಲ್ಲಿ ತುಸು ಬಲಕ್ಕೆ ವಾಲಿತ್ತು. ಕೈಗೆ ಬಂದದ್ದನ್ನೆಲ್ಲ ಮೊದಲು ಅದಕ್ಕೆ ಹಿಡಿಯುತ್ತಿದ್ದರು. ಅಂಗಡಿಯ ಬೆಲ್ಲ, ಬಾವಿಯ ನೀರು, ಒಮ್ಮೆ ನನ್ನ ಹೊಸ ಕೊಡೆಯನ್ನೂ! "ಕಣ್ಣು ಮೋಸ ಮಾಡ್ತದೆ ಮಾಸ್ಟ್ರೇ, ಮೂಗು ಮಾಡುದಿಲ್ಲ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಕುಂಬಳೆ ಆಗ ಮದರಾಸಿಗೆ ಸೇರಿತ್ತು. ಗುಡ್ಡದ ಮೇಲೆ ಸರಕಾರಿ ಬಂಗಲೆ, ಅದರ ಕೆಳಗೆ ನಾನು ಕಲಿಸುತ್ತಿದ್ದ ಶಾಲೆ. ಬಂಗಲೆಯ ಅಂಗಳದಲ್ಲಿ ಅವರ ಮುದ್ದಿನ ಗಿಡವೊಂದಿತ್ತು. ನೋಡಲು ನಮ್ಮ ಅಡಿಕೆ ಕಂಗಿನ ಹಾಗೆಯೇ, ಆದರೆ ಕುಳ್ಳು. ಸೋಗೆಯ ಬುಡದ ಹಾಳೆ ಮಾತ್ರ ಕಿತ್ತಳೆ ಬಣ್ಣ. ಯಾವುದೋ ಅಧಿಕಾರಿಯ ಹೆಂಡತಿ ಚಂದಕ್ಕೆಂದು ನೆಟ್ಟು ಹೋದದ್ದಂತೆ. ಈ ಸೀಮೆಯಲ್ಲಿ ಅಂಥದು ಇನ್ನೊಂದಿರಲಿಲ್ಲ. ಕಂಗಿನ ಹೂವಿಗಿರುವ ಪರಿಮಳ ಅದರ ಹೂವಿಗಿಲ್ಲ ಎಂದು ಅವರೇ ಹೇಳಿದ್ದರು. ಹೂ ಬಿಟ್ಟು ಉದುರಿಸುತ್ತಿತ್ತೇ ಹೊರತು ಎಷ್ಟು ವರ್ಷ ನೀರೆರೆದರೂ ಕಾಯಿ ಕಟ್ಟಿರಲಿಲ್ಲ. "ಇದು ಒಂಟಿಯಾಗಿಯೇ ಸಾಯ್ತದೋ ಎಂತದೋ" ಎಂದು ಕೊರಗುತ್ತಿದ್ದರು.

ಕಾಯಿಯನ್ನು ಮೊದಲು ಕಂಡವನು ನಾನು. ಮಳೆಗಾಲದ ಆರಂಭದಲ್ಲಿ ಒಂದು ಸಂಜೆ, ಹಾಳೆಯ ಕೆಳಗೆ ಒಂದೇ ಒಂದು ಪುಟ್ಟ ಗೊನೆ. ಕೂಗಿ ಕರೆದೆ. ಅವರು ಮುಟ್ಟಲಿಲ್ಲ, ಏಣಿ ಹತ್ತಿ ಮೂಗನ್ನಷ್ಟೇ ಹತ್ತಿರ ಒಯ್ದು ನಕ್ಕರು.

"ಹಣ್ಣಾಗ್ಲಿ. ಆಮೇಲೆ ಬಿತ್ತುವ. ನೀವು ಕಂಡದ್ದಲ್ವಾ, ಮೊದಲ ಗಿಡ ನಿಮಗೇ."

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಹಿಂಗಾರವಿಲ್ಲದೆ ನಾಗನಿಗೆ ಪೂಜೆಯಿಲ್ಲ. ಮಳೆಗಾಲದಲ್ಲಿ ಆ ಅಡಿಕೆ ಹೂವು ಸಿಗುವುದು ಅಪರೂಪ. ನಮ್ಮ ಕುಟುಂಬದ ನಾಗಬನಕ್ಕೆ ತರುವ ಹೊಣೆ ಹೊತ್ತವನು ನಾನು, ಮರೆತವನೂ ನಾನೇ. ನೆಂಟರ ಮುಂದೆ ಮುಖ ಉಳಿಯಬೇಕಲ್ಲ! ಹಿಂದಿನ ದಿನ, ಕಾವಲುಗಾರರು ಪೇಟೆಗೆ ಹೋದ ಹೊತ್ತು ನೋಡಿ, ಮಾವಿನಕಾಯಿ ಕೊಯ್ಯುವ ದೋಟಿ ಹಿಡಿದು ಬಂಗಲೆಗೆ ಹತ್ತಿದೆ. ಗೊನೆಯ ಮೇಲೆ ಇನ್ನೂ ಬಿರಿಯದ ಹಿಂಗಾರವೊಂದಿತ್ತು. ಜಗ್ಗಿದೆ. ಗೊನೆಯೂ ಕಿತ್ತು ಬಂದು ಹಸಿರು ಕಾಯಿಗಳು ಕೆಸರಿನಲ್ಲಿ ಚೆಲ್ಲಿದವು. ಹಿಂಗಾರವನ್ನು ಕೊಡೆಯೊಳಗೆ ಅಡಗಿಸಿ ಇಳಿದೆ.

ಮರುದಿನ ಅವರು ಪ್ರತಿ ವರ್ಷದಂತೆ ಬನಕ್ಕೆ ಬಂದರು. ಭಟ್ಟರು ಕೈಗೆ ಅರಸಿನ ಪುಡಿ, ಹಿಂಗಾರ ಹಾಕಿದರು. ಅಭ್ಯಾಸಬಲದಿಂದ ಅದೂ ಮೂಗಿಗೆ ಹೋಯಿತು. ಮತ್ತೊಮ್ಮೆ ಮೂಸಿ, ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟರು.

ಇಷ್ಟಾದರೂ ಒಪ್ಪಿಕೊಂಡೆನೇ? ಕಳ್ಳತನದ ಸುದ್ದಿ ಊರೆಲ್ಲ ಹಬ್ಬಿದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೆತ್ತ ಹಿಡಿದು ವಿಚಾರಿಸಿದೆ. ಕದ್ದವನೇ ನ್ಯಾಯ ಹೇಳಲು ಕೂತಿದ್ದೆ. ಆ ದಿನ ನೆನಪಾದರೆ ಈಗಲೂ ನಾಚಿಕೆಯಿಂದ ಮೈ ಸುಡುತ್ತದೆ. ಕಾವಲುಗಾರರು ಓಡಿಬಂದು ನನ್ನ ಕೈ ಹಿಡಿದರು.

"ಮಕ್ಕಳಿಗೆ ಹೊಡಿಬೇಡಿ ಮಾಸ್ಟ್ರೇ. ಅವರಲ್ಲ."

ಆ ಎಳೆ ಕಾಯಿಗಳನ್ನೇ ಹೆಕ್ಕಿ ಬಿತ್ತಿ, ದೀಪಾವಳಿ ಕಳೆಯುವವರೆಗೆ ನೀರೆರೆದರು. ಒಂದೂ ಮೊಳೆಯಲಿಲ್ಲ. ಗಿಡ ಮತ್ತೆ ಕಾಯಿ ಕಟ್ಟಲೂ ಇಲ್ಲ.

ಕೆಲವು ವರ್ಷಗಳ ಬಳಿಕ ಅವರು ಪುತ್ತಿಗೆಯಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಎಲ್ಲ ಹೇಳಿಬಿಡಬೇಕೆಂದೇ ಹೋದವನು ಮಳೆ, ಬೆಳೆ ಎಂದು ಹರಟಿ ಎದ್ದೆ. ಅವರು ಮೆಲ್ಲನೆ ಅಂದರು:

"ಆ ವರ್ಷದ ಪ್ರಸಾದಕ್ಕೆ ಪರಿಮಳವೇ ಇರ್ಲಿಲ್ಲ."

ಎದ್ದವನು ಮತ್ತೆ ಕೂತೆ.

"ನಾಗನಿಗೆ ಹೋಯ್ತಲ್ಲ, ಅದಕ್ಕೆ ಬೇಜಾರಿಲ್ಲ. ಆದ್ರೆ ನನ್ನತ್ರ ಒಂದು ಮಾತು ಕೇಳ್ಬಹುದಿತ್ತು ಮಾಸ್ಟ್ರೇ. ನಾನೇ ಕೊಯ್ದು ಕೊಡ್ತಿದ್ದೆ, ಗೊನೆಗೆ ಪೆಟ್ಟಾಗದ ಹಾಗೆ."

ತಪ್ಪಾಯಿತು ಎಂಬ ಒಂದು ಮಾತು ಆಗಲೂ ನನ್ನ ಬಾಯಿಂದ ಹೊರಡಲಿಲ್ಲ. ನಾಳೆ ಬಂದು ಹೇಳುತ್ತೇನೆ ಅಂದುಕೊಂಡು ಕೊಡೆ ಬಿಡಿಸಿ ಹೊರಟೆ. ಆ ವಾರವೇ ಅವರು ತೀರಿಕೊಂಡರು. ಪಂಚಮಿಯ ಪ್ರಸಾದವನ್ನು ಈಗಲೂ ಕೈಯೊಡ್ಡಿ ತೆಗೆದುಕೊಳ್ಳುತ್ತೇನೆ. ಮೂಗಿಗೆ ಹಿಡಿಯುವ ಧೈರ್ಯ ಮಾತ್ರ ಇಲ್ಲ.